ಜಾಕಿ ಮೇಲೇರಿತು, ಕಾರು ಏರಲಿಲ್ಲ

ಕಾರು ಮನೆಗೆ ಬಂದ ಹನ್ನೊಂದನೆಯ ದಿನ, ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವ ಹೆದ್ದಾರಿಯ ತುಂಡಿನಲ್ಲಿ, ಎಡಗಡೆಯ ಮುಂದಿನ ಟಯರು ಪಂಕ್ಚರ್ ಆಯಿತು. ಡಿಕ್ಕಿಯಿಂದ ಜಾಕಿ ತೆಗೆದು, ಮುಂಬಾಗಿಲಿನ ಕೆಳಗೆ ಅದಕ್ಕೆಂದೇ ಇರುವ ಜಾಗದಲ್ಲಿ ಕೂರಿಸಿ ತಿರುಗಿಸತೊಡಗಿದೆ. ಜಾಕಿ ಮೇಲೇರಿತು, ಕಾರು ಏರಲಿಲ್ಲ. ಒಣಗಿದ ತೆಂಗಿನ ಗರಿಯನ್ನು ತುಳಿದಾಗ ಬರುವಂಥ ಸದ್ದು ಕೇಳಿ ಬಗ್ಗಿ ನೋಡಿದರೆ, ಜಾಕಿಯ ತಲೆ ಕಾರಿನ ಮೈಯೊಳಗೆ ಎರಡು ಅಂಗುಲ ಹೊಕ್ಕಿತ್ತು. ರಸ್ತೆಯ ಮೇಲೆ ಅಂಗೈ ತುಂಬುವಷ್ಟು ಕಂದು ಬಣ್ಣದ ಚಕ್ಕೆಗಳು ಬಿದ್ದಿದ್ದವು. ಮೇಲಿನ ಬಣ್ಣ ಮಾತ್ರ ಹಾಗೆಯೇ ಮಿನುಗುತ್ತಿತ್ತು.

ಅದು 2008ರ ಜೂನ್ ತಿಂಗಳಿನಲ್ಲಿ ನೋಂದಣಿಯಾದ ಮಾರುತಿ 800. ನಾನು ಕೊಂಡದ್ದು 2023ರ ಜನವರಿಯಲ್ಲಿ, 48,000 ರೂಪಾಯಿಗೆ. ಒಬ್ಬರೇ ಮಾಲೀಕರು, ಓಡಿದ್ದು ಕೇವಲ 41,000 ಕಿಲೋಮೀಟರು, ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ನಾನು ಡ್ರೈವಿಂಗ್ ಕಲಿತದ್ದು 800ರಲ್ಲಿ. 2014ರಲ್ಲಿ ತಯಾರಿಕೆ ನಿಂತುಹೋದ ಆ ಪುಟ್ಟ ಕಾರು ನಮ್ಮ ಮನೆಯ ಅಂಗಳದಲ್ಲಿಯೂ ಒಂದಿರಬೇಕೆಂಬ ಆಸೆ ನನಗೆ ಬಹಳ ವರ್ಷಗಳಿಂದ ಇತ್ತು. ಕೊಳ್ಳುವ ಮೊದಲು ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲವನ್ನೂ ತೋರಿಸಿದ್ದೆ. ಆದರೆ ಆ ಕಾರು ಹದಿನಾಲ್ಕು ವರ್ಷ ನಿಂತಿದ್ದದ್ದು ಗಂಗೊಳ್ಳಿಯಲ್ಲಿ, ಕಡಲಿನಿಂದ ಕೂಗಳತೆಯ ದೂರದ ಒಂದು ತೆಂಗಿನ ತೋಟದ ನೆರಳಿನಲ್ಲಿ ಎಂಬುದಕ್ಕೆ ನಾನು ಕೊಡಬೇಕಾದ ಬೆಲೆ ಕೊಡಲಿಲ್ಲ. ಕಡಿಮೆ ಓಡಿದ ಕಾರು ಎಂದರೆ ಹೆಚ್ಚು ನಿಂತ ಕಾರು ಎಂದೂ ಅರ್ಥ. ಮಾರಾಟಕ್ಕೆ ಮೊದಲು ಹೊಸದಾಗಿ ಬಣ್ಣ ಬಳಿಸಿದ್ದರು, ಅಡಿಭಾಗಕ್ಕೆ ಕಪ್ಪಗೆ ಡಾಂಬರಿನಂಥ ಲೇಪನ ಹಚ್ಚಿಸಿದ್ದರು. ಅದನ್ನು ನೋಡಿ, ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದುಕೊಂಡೆ. ಹದಿನಾಲ್ಕು ವರ್ಷದ ಕಾರಿಗೆ ಅಡಿಯಲ್ಲಿ ಮಾತ್ರ ಹೊಸ ಲೇಪನ ಏಕೆ ಬೇಕಾಯಿತು ಎಂದು ಆಗಲೇ ಕೇಳಬೇಕಿತ್ತು.

ಆ ದಿನ ಮುಂದಿನ ಅಡ್ಡ ತೊಲೆಗೆ ಜಾಕಿ ಕೊಟ್ಟು ಟಯರು ಬದಲಾಯಿಸಿ ಮನೆಗೆ ಬಂದು, ಸೀಟುಗಳನ್ನೂ ಕಾರ್ಪೆಟನ್ನೂ ಬಿಚ್ಚಿದೆ. ಕಾರ್ಪೆಟಿನ ಅಡಿಯ ಸ್ಪಂಜು ಜನವರಿಯ ಬಿಸಿಲಿನಲ್ಲಿಯೂ ಒದ್ದೆಯಾಗಿತ್ತು. ಹಿಂಡಿದರೆ ನೀರು ಬರುತ್ತಿತ್ತು. ಚಾಲಕನ ಕಾಲಿಡುವ ಜಾಗದಲ್ಲಿ ಸದ್ದು ತಡೆಯಲು ಅಂಟಿಸಿರುವ ಡಾಂಬರು ಹಾಳೆಯನ್ನು ಎಬ್ಬಿಸಿದಾಗ ಅದರ ಜೊತೆಗೆ ನೆಲದ ತಗಡೂ ಹಪ್ಪಳದಂತೆ ಎದ್ದು ಬಂತು. ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೊಂದೇ ಅಂಗುಲ ತಟ್ಟುತ್ತ ಹೋದೆ: ಗಟ್ಟಿ ತಗಡು ಠಣ್ ಎನ್ನುತ್ತದೆ, ಸತ್ತ ತಗಡು ಮಣ್ಣಿನ ಹೆಂಟೆಯಂತೆ ಮಂದವಾಗಿ ಸದ್ದು ಮಾಡುತ್ತದೆ. ಹೊರಮೈಯಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಡಿದು ಸರಿಸಿದರೆ, ಬಾಗಿಲುಗಳ ಕೆಳಅಂಚಿನಲ್ಲಿಯೂ, ಅವುಗಳ ಕೆಳಗೆ ಕಾರಿನ ಉದ್ದಕ್ಕೆ ಹೋಗುವ ಟೊಳ್ಳು ತೊಲೆಯಾದ ರನ್ನಿಂಗ್ ಬೋರ್ಡಿನ ಉದ್ದಕ್ಕೂ ಅದು ಕೈಯಿಂದ ಜಾರಿ ಬೀಳುತ್ತಿತ್ತು. ಅಲ್ಲಿ ಕಬ್ಬಿಣವೇ ಇರಲಿಲ್ಲ, ಫೈಬರ್ ಬಟ್ಟೆ ಮತ್ತು ಪುಟ್ಟಿ ಇದ್ದವು. ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದೆ. ಸಂಜೆಯ ಹೊತ್ತಿಗೆ ಕಾರಿನ ಮೈಮೇಲೆ ಹದಿನೇಳು ವೃತ್ತಗಳಾದವು.

ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುವವನು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು ಎಂದು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಉಪ್ಪು ತಾನಾಗಿ ಕಬ್ಬಿಣವನ್ನು ತಿನ್ನುವುದಿಲ್ಲ. ಅದು ನೀರಿನಲ್ಲಿ ಕರಗಿ ವಿದ್ಯುತ್ ಸುಲಭವಾಗಿ ಹರಿಯುವಂತೆ ಮಾಡಿ ಈ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ, ಅದರ ಕ್ಲೋರೈಡು ಲೋಹದ ಮೇಲೆ ರಕ್ಷಣೆಯ ಪದರ ನಿಲ್ಲದಂತೆ ನೋಡಿಕೊಳ್ಳುತ್ತದೆ. ಕಡಲ ಉಪ್ಪಿಗೆ ಇನ್ನೊಂದು ಗುಣವಿದೆ. ಮಳೆಗಾಲದ ಆಸಾಡಿ ತಿಂಗಳಿನಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯ ತಳದಲ್ಲಿ ನೀರು ಕೂರುವುದನ್ನು ಕರಾವಳಿಯ ಎಲ್ಲ ಮನೆಗಳವರೂ ನೋಡಿದ್ದಾರೆ. ಅದೇ ಉಪ್ಪು ತಗಡಿನ ಮಡಿಕೆಯಲ್ಲಿ ಕುಳಿತರೆ, ಮಳೆ ಇಲ್ಲದ ದಿನವೂ ಗಾಳಿಯ ತೇವವನ್ನು ಎಳೆದುಕೊಂಡು ಆ ಜಾಗವನ್ನು ಒದ್ದೆಯಾಗಿಯೇ ಇಟ್ಟಿರುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಅದರ ಮೇಲೆ ಕಡಲ ಗಾಳಿ, ಮೀನು ಲಾರಿಗಳಿಂದ ಹೆದ್ದಾರಿಯ ಮೇಲೆ ಸುರಿಯುವ ಉಪ್ಪುನೀರು. ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ, ಎರಡು ತಗಡು ಸೇರುವಲ್ಲಿ ಅದು ಉಬ್ಬಿ ಬೆಸುಗೆಯನ್ನೇ ಬಿಡಿಸುತ್ತದೆ. ಇದರಲ್ಲಿ ಕಾರು ತಯಾರಿಸಿದವರ ತಪ್ಪೇನೂ ಇಲ್ಲ. ಇದೇ ವರ್ಷದ 800ಗಳು ಘಟ್ಟದ ಮೇಲಿನ ಊರುಗಳಲ್ಲಿ ಗಟ್ಟಿಯಾಗಿ ಓಡಾಡುವುದನ್ನು ನಾನು ಈಗಲೂ ನೋಡುತ್ತೇನೆ.

ತಪ್ಪಾದದ್ದು ರಿಪೇರಿಯಲ್ಲಿ. ತುಕ್ಕಿನ ಮೇಲೆ ಡಾಂಬರು ಹಚ್ಚಿದರೆ ತುಕ್ಕು ಉಸಿರುಗಟ್ಟಿ ನಿಲ್ಲುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ, ನಿಲ್ಲುವುದಿಲ್ಲ. ಒಳಗಿನ ಉಪ್ಪು ಮತ್ತು ತೇವ ಲೇಪನದ ಹಿಂದೆ ಸಿಕ್ಕಿಕೊಂಡು ಆರುವ ದಾರಿಯನ್ನೇ ಕಳೆದುಕೊಳ್ಳುತ್ತವೆ. ಇನ್ನೂ ಕೆಟ್ಟದ್ದೇನೆಂದರೆ, ಬಾಗಿಲುಗಳ ಮತ್ತು ರನ್ನಿಂಗ್ ಬೋರ್ಡಿನ ತಳದಲ್ಲಿ ನೀರು ಇಳಿದುಹೋಗಲು ಇರುವ ಸಣ್ಣ ರಂಧ್ರಗಳನ್ನೂ ಆ ಲೇಪನ ಮುಚ್ಚಿಬಿಟ್ಟಿತ್ತು. ಕಿಟಕಿಯ ಗಾಜಿನ ಸಂದಿಯಿಂದ ಇಳಿದ ಮಳೆನೀರು ಬಾಗಿಲೊಳಗೇ ಉಳಿದಿತ್ತು. ಒಂದು ರಂಧ್ರವನ್ನು ನಾನು ಹಿಡಿಸೂಡಿಯ ಕಡ್ಡಿಯಿಂದ ಚುಚ್ಚಿ ಬಿಡಿಸಿದಾಗ ಚಹಾದ ಬಣ್ಣದ ನೀರು ಅರ್ಧ ನಿಮಿಷ ಸುರಿಯಿತು.

ಮೊದಲು ಹೋದ ಗ್ಯಾರೇಜಿನಲ್ಲಿ, ಎಂಟು ಸಾವಿರಕ್ಕೆ ತೂತುಗಳ ಮೇಲೆ ತಗಡು ರಿವೆಟ್ ಹೊಡೆದು ಮತ್ತೆ ಲೇಪನ ಹಚ್ಚಿಕೊಡುವುದಾಗಿ ಹೇಳಿದರು. ಗುಜರಿಯವರು ಹದಿನೆಂಟು ಸಾವಿರ ಕೊಡುತ್ತೇನೆ ಎಂದರು. ಮೂರನೆಯದಾಗಿ ನಾನು ಹೋದದ್ದು ಕುಂದಾಪುರದ ಹೊರಗೆ ಸ್ವಂತ ಶೆಡ್ಡಿನಲ್ಲಿ ಟಿಂಕರಿಂಗ್, ಅಂದರೆ ಕಾರಿನ ಮೈಯ ತಗಡಿನ ಕೆಲಸ ಮಾಡುವ ಒಬ್ಬ ಆಚಾರ್ರ ಬಳಿಗೆ. ಅವರ ತಂದೆ ಕತ್ತಿ, ಪಿಕ್ಕಾಸು ಮಾಡುತ್ತಿದ್ದವರು. ಆಚಾರ್ರು ಕಾರಿನ ಅಡಿಗೆ ಮಲಗಿ, ಒಂದು ಚಿಕ್ಕ ಸುತ್ತಿಗೆಯಿಂದ ಮುಕ್ಕಾಲು ಗಂಟೆ ತಟ್ಟಿ ನೋಡಿ ಹೊರಬಂದು ಹೇಳಿದ್ದಿಷ್ಟು: “ಮಾಸ್ಟ್ರೇ, ಸತ್ತ ಕಬ್ಣಕ್ಕೆ ಬಣ್ಣ ಹಚ್ರೆ ಎಂತ ಪ್ರಯೋಜನ? ಜೀವ ಇಪ್ಪಲ್ಲಿ ವರಿಗೆ ಕೊಯ್ಕ್.”

ಮುಂದೆ ಅವರು ತೋರಿಸಿದ್ದನ್ನು, ಹಳೆಯ ಕಾರು ಕೊಳ್ಳುವವರೆಲ್ಲರೂ ನೋಡಿ ತಿಳಿಯಬೇಕೆಂದು ನನಗೆ ಅನಿಸುತ್ತದೆ. ಇಂಥ ಕಾರಿಗೆ ಲಾರಿಗಿರುವಂತೆ ಬೇರೆಯಾದ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು ಇಲ್ಲ. ನೆಲ, ರನ್ನಿಂಗ್ ಬೋರ್ಡು, ಕಂಬಗಳು, ಮೇಲ್ಛಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ತಾವೇ ಭಾರ ಹೊರುತ್ತವೆ. ಆದ್ದರಿಂದ ರನ್ನಿಂಗ್ ಬೋರ್ಡು ಟೊಳ್ಳಾದರೆ ಅದು ಅಂದ ಕೆಟ್ಟ ಮಾತಲ್ಲ, ಅಪಘಾತದಲ್ಲಿ ಒಳಗಿರುವವರನ್ನು ಕಾಯಬೇಕಾದ ಎಲುಬೇ ಇಲ್ಲದಂತೆ. ಆಚಾರ್ರು ಮೊದಲು ಪರೀಕ್ಷಿಸಿದ್ದು ಮುಂದಿನ ಶಾಕ್ ಅಬ್ಸಾರ್ಬರುಗಳು ಮೇಲೆ ಬೋಲ್ಟ್ ಆಗುವ ಗೋಪುರಗಳನ್ನು, ಸ್ಟಿಯರಿಂಗ್ ಕೂರುವ ಜಾಗವನ್ನು, ಹಿಂಬದಿಯ ಸಸ್ಪೆನ್ಶನ್ ತಗಲುವ ಕೊಂಡಿಗಳನ್ನು ಮತ್ತು ಸೀಟ್ ಬೆಲ್ಟ್ ಬಿಗಿದಿರುವ ಕಂಬದ ಬುಡವನ್ನು. ಎಡಗಡೆಯ ಬೆಲ್ಟಿನ ಬುಡವೊಂದನ್ನು ಬಿಟ್ಟರೆ ಉಳಿದವೆಲ್ಲ ಗಟ್ಟಿಯಾಗಿದ್ದವು. ಗೋಪುರಗಳು ಹೋಗಿದ್ದರೆ ತಾವು ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ, ಗುಜರಿಗೇ ಕಳಿಸಲು ಹೇಳುತ್ತಿದ್ದುದಾಗಿ ಆಚಾರ್ರು ತಿಳಿಸಿದರು. ಇಪ್ಪತ್ತು ದಿನದ ಕೆಲಸ, ನಲವತ್ತು ಸಾವಿರದ ಆಸುಪಾಸು ಖರ್ಚು, ಮಳೆಗಾಲಕ್ಕೆ ಮೊದಲೇ ಮುಗಿಯಬೇಕು. ಒಂದು ರಾತ್ರಿ ಯೋಚಿಸಿ ಒಪ್ಪಿದೆ. ಹಣದ ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನವಲ್ಲ ಎಂದು ಆಗಲೂ ಗೊತ್ತಿತ್ತು. ಆದರೆ ಈ ಕಾರನ್ನು ಬಣ್ಣ ಬಳಿದು ಇನ್ನೊಬ್ಬರಿಗೆ ದಾಟಿಸುವ ದಾರಿಯೊಂದು ಉಳಿದಿತ್ತಲ್ಲ, ಅದು ನನ್ನಿಂದ ಸಾಧ್ಯವಿರಲಿಲ್ಲ.

ಮಾರ್ಚ್ ತಿಂಗಳಿನಲ್ಲಿ ಕೆಲಸ ಆರಂಭವಾಯಿತು. ಉತ್ತರಪತ್ರಿಕೆಗಳ ಮೌಲ್ಯಮಾಪನದ ದಿನಗಳನ್ನು ಬಿಟ್ಟು ಉಳಿದ ಸಂಜೆಗಳನ್ನೂ ಭಾನುವಾರಗಳನ್ನೂ ನಾನು ಆ ಶೆಡ್ಡಿನಲ್ಲಿಯೇ ಕಳೆದೆ. ಮೊದಲ ಎರಡು ದಿನ ಬಿಚ್ಚುವುದೇ ಆಯಿತು: ಬ್ಯಾಟರಿ, ಸೀಟುಗಳು, ಡಾಂಬರು ಹಾಳೆಗಳು, ವಯರಿಂಗ್ ಕಟ್ಟುಗಳು. ಹಿಂಬದಿಯ ನೆಲದ ಅಡಿಯಲ್ಲಿರುವ ಪೆಟ್ರೋಲ್ ಟ್ಯಾಂಕನ್ನು ಇಳಿಸಿ ಶೆಡ್ಡಿನಿಂದಲೇ ಹೊರಗೆ ದೂರ ಇಟ್ಟ ಮೇಲಷ್ಟೇ ಆಚಾರ್ರು ಗ್ರೈಂಡರು ಮುಟ್ಟಿದರು. ಟ್ಯಾಂಕಿನ ಪಕ್ಕದಲ್ಲಿ ಒದ್ದೆ ಗೋಣಿ ಹಾಕಿ ವೆಲ್ಡಿಂಗ್ ಮಾಡುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಅಂಥಲ್ಲಿ ಕಾರು ಬಿಡಬೇಡಿ. ಟ್ಯಾಂಕ್ ಇಳಿಸಿದ್ದರಿಂದ ಇನ್ನೊಂದು ಲಾಭವಾಯಿತು. ಅದರ ಮೇಲ್ಗಡೆ ಹಾದುಹೋಗುವ ಬ್ರೇಕ್ ಪೈಪ್ ಒಂದು ಕಡೆ ಉಗುರಿನಿಂದ ಕೆರೆದರೆ ಪುಡಿ ಉದುರುವಷ್ಟು ತುಕ್ಕು ಹಿಡಿದದ್ದು ಕಣ್ಣಿಗೆ ಬಿತ್ತು. ಜೋರಾಗಿ ಬ್ರೇಕ್ ತುಳಿದ ಯಾವುದೋ ಒಂದು ದಿನ ಅದು ಒಡೆಯುತ್ತಿತ್ತು. ನೆಲದ ತೂತಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಆ ಪೈಪು. ಹಿಂದಿನ ಎರಡು ಚಕ್ರಗಳವರೆಗಿನ ಪೈಪುಗಳನ್ನೂ ಬದಲಾಯಿಸಿದೆವು.

ನಂತರದ್ದು ಕೊಯ್ಯುವ ಕೆಲಸ. ಅಂಗೈಯಗಲದ ತೂತೆಂದು ನಾನು ಗುರುತು ಹಾಕಿದ್ದು, ಜೀವವಿರುವ ತಗಡು ಸಿಗುವವರೆಗೆ ಕೊಯ್ದಾಗ ದಿನಪತ್ರಿಕೆಯ ಅರ್ಧ ಪುಟದಷ್ಟಾಯಿತು. ರನ್ನಿಂಗ್ ಬೋರ್ಡಿನ ವಿಷಯದಲ್ಲಿ ಆಚಾರ್ರು ಬಹಳ ಎಚ್ಚರ ವಹಿಸಿದರು. ಎರಡೂ ಬದಿಗಳನ್ನು ಒಟ್ಟಿಗೆ ಕೊಯ್ದರೆ ಕಾರು ನಡುವೆ ಕುಸಿದು ಬಾಗಿಲುಗಳು ಮತ್ತೆಂದೂ ಸರಿಯಾಗಿ ಮುಚ್ಚುವುದಿಲ್ಲವಾದ್ದರಿಂದ, ಕಾರಿನ ಅಡಿಗೆ ನಾಲ್ಕು ಕಡೆ ಮರದ ದಿಮ್ಮಿ ಕೊಟ್ಟು, ಬಾಗಿಲ ತೆರಪಿನ ನಡುವೆ ಕಬ್ಬಿಣದ ಪಟ್ಟಿಯೊಂದನ್ನು ತಾತ್ಕಾಲಿಕವಾಗಿ ಬೆಸೆದು, ಬಲಗಡೆ ಪೂರ್ತಿ ಮುಗಿಸಿದ ಮೇಲೆ ಎಡಗಡೆಗೆ ಹೋದರು. ಪ್ರತಿ ತುಂಡಿಗೂ ಮೊದಲು ಮದುವೆ ಕರೆಯೋಲೆಯ ದಪ್ಪ ಕಾಗದದಲ್ಲಿ ಅಳತೆ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ಅದೇ ಆಕಾರದಲ್ಲಿ 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟು ಕತ್ತರಿಸಿ ಬಡಿದು ಬಗ್ಗಿಸುತ್ತಿದ್ದರು. ನೆಲದಲ್ಲಿರುವ ಉದ್ದುದ್ದ ಏಣುಗಳನ್ನು ಅವರು ಬಿಡದೆ ಹೊಸ ತಗಡಿನಲ್ಲಿಯೂ ಮೂಡಿಸಿದರು. ಬರಿಯ ಚಪ್ಪಟೆ ತಗಡಿಗೆ ಬಿಗಿ ಬರುವುದು ಆ ಏಣುಗಳಿಂದ.

ಬೆಸುಗೆಗೆ ಅವರು ಬಳಸಿದ್ದು ಸಿ.ಓ.ಟೂ ವೆಲ್ಡಿಂಗ್, ಅಂದರೆ ಕಾರ್ಬನ್ ಡೈಆಕ್ಸೈಡ್ ಅನಿಲದ ಮರೆಯಲ್ಲಿ ವಿದ್ಯುತ್ತಿನಿಂದ ತಂತಿ ಕರಗಿಸಿ ಬೆಸೆಯುವ ವಿಧಾನ. ಗ್ಯಾಸಿನ ಉರಿಯಲ್ಲಿ ಬೆಸೆದರೆ ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ತಗಡು ಕಾದು ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ಸಿ.ಓ.ಟೂ ವೆಲ್ಡಿಂಗಿನಲ್ಲಿಯೂ ಒಂದೇ ಗೆರೆ ಎಳೆಯದೆ, ಇಲ್ಲೊಂದು ಚುಕ್ಕೆ, ಎದುರು ಬದಿಯಲ್ಲೊಂದು ಚುಕ್ಕೆ, ಆರಿದ ಮೇಲೆ ಅವುಗಳ ನಡುವೆ ಮತ್ತೊಂದು ಎಂದು ತುಂಬುತ್ತ ಬಂದರು. ಸೀಟ್ ಬೆಲ್ಟಿನ ಬುಡಕ್ಕೆ ಮಾತ್ರ ಇನ್ನೊಂದು ಕಾರಿನಿಂದ ಕತ್ತರಿಸಿ ತಂದ, ನಟ್ಟು ಸಮೇತವಿದ್ದ ಮೂಲ ತುಂಡನ್ನೇ ಹಾಕಿದರು.

ಎಲ್ಲ ಮುಗಿಯಿತೆನ್ನುವ ಸಂಜೆ ಆಚಾರ್ರು ಶೆಡ್ಡಿನ ದೀಪ ಆರಿಸಿ, ಕಾರಿನೊಳಗೆ ನೂರು ವಾಟಿನ ಬಲ್ಬೊಂದನ್ನು ಇಳಿಬಿಟ್ಟು, ನನ್ನನ್ನು ಅಡಿಗೆ ಮಲಗಿ ನೋಡಲು ಹೇಳಿದರು. ಕತ್ತಲಲ್ಲಿ ಮಲಗಿ ಮೇಲೆ ನೋಡಿದರೆ, ಸರಿಯಾಯಿತೆಂದುಕೊಂಡಿದ್ದ ನೆಲದಲ್ಲಿ ಬೆಳಕಿನ ಎಂಟು ಚುಕ್ಕೆಗಳು. ಒಂದೊಂದೂ ಸೂಜಿಮೊನೆಯಷ್ಟು. ಅಷ್ಟನ್ನೂ ಸೀಮೆಸುಣ್ಣದಿಂದ ಗುರುತಿಸಿದೆ. ಮರುದಿನ ಅವನ್ನು ಮುಚ್ಚಿದರು. ಮರುದಿನ ರಾತ್ರಿ ಮತ್ತೆ ಮಲಗಿ ನೋಡಿದೆ. ಆಗ ಕತ್ತಲೆ ಪೂರ್ತಿಯಾಗಿತ್ತು.

ಬಣ್ಣಕ್ಕೆ ಮೊದಲಿನ ಹಂತದಲ್ಲಿ ನನ್ನ ವಿದ್ಯೆಗೆ ಒಂದಿಷ್ಟು ಕೆಲಸ ಸಿಕ್ಕಿತು. ಕೊಯ್ದು ತೆಗೆಯಲಾಗದ, ತುಕ್ಕು ಸಣ್ಣ ಕುಳಿಗಳಷ್ಟೇ ಆಗಿದ್ದ ಕಡೆಗಳಲ್ಲಿ ವಯರ್ ಬ್ರಷ್ಷಿನಿಂದ ಬೆಳ್ಳಗೆ ಉಜ್ಜಿದ್ದರೂ ಮರುದಿನ ಬೆಳಿಗ್ಗೆ ಆ ಕುಳಿಗಳಲ್ಲಿ ಮತ್ತೆ ಕಿತ್ತಳೆ ಬಣ್ಣದ ಚುಕ್ಕೆಗಳು ಏಳುತ್ತಿದ್ದವು. ಕುಳಿಗಳ ತಳದಲ್ಲಿ ಉಪ್ಪು ಉಳಿದಿದೆ ಎಂಬ ಅನುಮಾನ ಬಂತು. ಆ ಜಾಗವನ್ನು ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿದ ಹತ್ತಿಯಿಂದ ಒತ್ತಿ ತೆಗೆದು, ಆ ನೀರನ್ನು ಸೋಸಿ, ಒಂದು ತೊಟ್ಟು ನೈಟ್ರಿಕ್ ಆಮ್ಲ ಹಾಕಿ ಸಿಲ್ವರ್ ನೈಟ್ರೇಟ್ ಬೆರೆಸಿದೆ. ಪ್ರನಾಳದಲ್ಲಿ ಹಾಲು ಒಡೆದಂತೆ ಬಿಳಿಯ ಗಷ್ಟು ಇಳಿಯಿತು. ಕ್ಲೋರೈಡು. ಇಪ್ಪತ್ತು ವರ್ಷ ಮಕ್ಕಳಿಗೆ ಮಾಡಿ ತೋರಿಸಿದ ಆ ಪರೀಕ್ಷೆ ಮೊದಲ ಬಾರಿಗೆ ನನ್ನದೇ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಬಿಸಿನೀರಿನಿಂದ ತೊಳೆದು, ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಮತ್ತೆ ಪರೀಕ್ಷಿಸುತ್ತ ಹೋದೆ. ಐದನೆಯ ತೊಳೆತದ ನೀರು ತಿಳಿಯಾಗಿಯೇ ಉಳಿಯಿತು. ಆ ಮರುದಿನ ಕಿತ್ತಳೆ ಚುಕ್ಕೆಗಳು ಏಳಲಿಲ್ಲ. ಆಚಾರ್ರು ಪ್ರನಾಳವನ್ನು ಕೈಗೆ ತೆಗೆದುಕೊಂಡು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆಲೆಬಾಳುವ ಪ್ರೈಮರಿಗಿಂತ ಈ ತೊಳೆಯುವ ಕೆಲಸವೇ ಹೆಚ್ಚು ಮುಖ್ಯವೆಂಬುದು ನನ್ನ ಖಚಿತ ಅಭಿಪ್ರಾಯ.

ಉಳಿದದ್ದು ಬೇಗ ಸಾಗಿತು. ಬರಿಯ ಲೋಹಕ್ಕೆ ಎಪಾಕ್ಸಿ ಪ್ರೈಮರ್, ತಗಡುಗಳ ಸಂದಿಗಳಿಗೆ ಸೀಲರ್, ಅಡಿಗೆ ಕಲ್ಲೇಟು ತಡೆಯುವ ರಬ್ಬರಿನಂಥ ಲೇಪನ, ಮೇಲೆ ಬಣ್ಣ. ರನ್ನಿಂಗ್ ಬೋರ್ಡು ಮತ್ತು ಬಾಗಿಲುಗಳ ಒಳಗೆ ಬ್ರಷ್ಷು ಹೋಗುವುದಿಲ್ಲವಾದ್ದರಿಂದ ಉದ್ದನೆಯ ನಳಿಕೆಯಿಂದ ಮೇಣದ ದ್ರವವನ್ನು ಸಿಂಪಡಿಸಿದೆವು. ಅದು ಸಂದುಗೊಂದುಗಳಿಗೆಲ್ಲ ತಾನಾಗಿ ಹರಿದು ಮೆತ್ತಗೆ ಉಳಿಯುತ್ತದೆ, ಡಾಂಬರಿನಂತೆ ಬಿರುಕು ಬಿಡುವುದಿಲ್ಲ. ಲೇಪನ ಹಚ್ಚುವ ಮೊದಲು ನೀರಿಳಿಯುವ ಪ್ರತಿ ರಂಧ್ರದಲ್ಲಿಯೂ ಒಂದೊಂದು ಹಿಡಿಸೂಡಿ ಕಡ್ಡಿ ಸಿಕ್ಕಿಸಿ, ಒಣಗಿದ ಮೇಲೆ ಎಳೆದು ತೆಗೆದೆ. ಒಟ್ಟು ಇಪ್ಪತ್ತೆರಡು ಕಡ್ಡಿಗಳು. ಎಣಿಸಿ ಹಾಕಿ ಎಣಿಸಿ ತೆಗೆದದ್ದು. ಮಜೂರಿ 22,000, ತಗಡು ಮತ್ತು ವೆಲ್ಡಿಂಗ್ ಸಾಮಾನಿಗೆ 5,200, ಬಣ್ಣ, ಪ್ರೈಮರ್, ಮೇಣಕ್ಕೆ 9,600, ಬ್ರೇಕ್ ಪೈಪು ಮತ್ತು ರಬ್ಬರುಗಳಿಗೆ 3,400, ಅಂತೂ 40,200 ರೂಪಾಯಿ ಆಯಿತು. ಹದಿನೈದು ವರ್ಷ ತುಂಬಿದ್ದರಿಂದ ಜೂನ್ ತಿಂಗಳಿನಲ್ಲಿ ನೋಂದಣಿಯ ನವೀಕರಣಕ್ಕೆ ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕಿತ್ತು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ತಪಾಸಣೆಯಲ್ಲಿ ಒಂದೇ ಸಲಕ್ಕೆ ಒಪ್ಪಿಗೆಯಾಗಿ ಐದು ವರ್ಷಗಳ ಅವಧಿ ಸಿಕ್ಕಿತು.

ಆ ವರ್ಷ ಮುಂಗಾರು ತಡವಾಗಿ ಬಂತು. ಜುಲೈ ತಿಂಗಳಿನ ಮೊದಲ ಜಡಿಮಳೆಯ ದಿನ ನಾನು ಕೊಡೆ ಹಿಡಿದು ಕಾರಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಬಾಗಿಲುಗಳ ಕೆಳಗೆ ನೋಡಿದೆ. ಪ್ರತಿ ರಂಧ್ರದಿಂದಲೂ ನೀರು ಎಳೆಎಳೆಯಾಗಿ ಇಳಿಯುತ್ತಿತ್ತು. ಕಾರ್ಪೆಟಿನ ಅಡಿಗೆ ಕೈ ಹಾಕಿದರೆ ಒಣಗಿತ್ತು. ಪ್ಲಾಸ್ಟಿಕ್ ಹೊದಿಕೆ ಹಾಕುವುದನ್ನು ಬಿಟ್ಟುಬಿಟ್ಟೆ, ಅದು ಮಳೆಯನ್ನು ತಡೆಯುವುದಕ್ಕಿಂತ ತೇವವನ್ನು ಹಿಡಿದಿಡುವುದೇ ಹೆಚ್ಚು. ವಾರಕ್ಕೊಮ್ಮೆ ಬಾವಿಯ ಸಿಹಿನೀರನ್ನು ಪೈಪಿನಲ್ಲಿ ಬಿಟ್ಟು ಅಡಿಭಾಗವನ್ನೂ ಚಕ್ರದ ಕಮಾನುಗಳನ್ನೂ ತೊಳೆಯುತ್ತೇನೆ. ಮಳೆಗಾಲದಲ್ಲಿಯೂ ತೊಳೆಯಬೇಕು, ಏಕೆಂದರೆ ಹೆದ್ದಾರಿಯಿಂದ ಸಿಡಿಯುವ ಕೆಸರಿನಲ್ಲಿ ಉಪ್ಪು ಇದ್ದೇ ಇರುತ್ತದೆ.

ಒಂದು ಕಡೆ ಮಾತ್ರ ನಾನು ಸೋತೆ. ಎಡಗಡೆಯ ಹಿಂದಿನ ಚಕ್ರದ ಕಮಾನಿನ ಅಂಚಿನಲ್ಲಿ ಕಡಲೆಬೇಳೆಯಷ್ಟು ಗುಳ್ಳೆಯೊಂದಿತ್ತು. ಅದನ್ನೂ ಕೊಯ್ಯೋಣವೆಂದು ಆಚಾರ್ರು ಹೇಳಿದ್ದರು. ಖರ್ಚು ಏರುತ್ತಿದೆ, ಸಣ್ಣದಲ್ಲವೇ ಎಂದು ನಾನೇ ತಡೆದು, ಫಾಸ್ಫಾರಿಕ್ ಆಮ್ಲದ ದ್ರವ ಹಚ್ಚಿ ಕಪ್ಪಾದ ಮೇಲೆ ಬಣ್ಣ ಬಳಿದಿದ್ದೆ. ಆ ದ್ರವ ತನ್ನ ಕೈಗೆ ಸಿಕ್ಕ ತುಕ್ಕನ್ನಷ್ಟೇ ಮಾರ್ಪಡಿಸುತ್ತದೆ, ಎರಡು ತಗಡು ಮಡಿಚಿಕೊಂಡಿರುವ ಅಂಚಿನ ಒಳಗೆ ಅದು ಇಳಿಯುವುದಿಲ್ಲ. ನವರಾತ್ರಿಯ ಹೊತ್ತಿಗೆ ಗುಳ್ಳೆ ಮತ್ತೆ ಎದ್ದಿತು, ಈ ಸಲ ಅಡಿಕೆಯಷ್ಟು ದೊಡ್ಡದಾಗಿ. ದೀಪಾವಳಿ ಕಳೆದ ಮೇಲೆ ಕಾರನ್ನು ಮತ್ತೆ ಶೆಡ್ಡಿಗೆ ಒಯ್ದೆ. ಆಚಾರ್ರು ಏನೂ ಅನ್ನಲಿಲ್ಲ. ಅಂಚನ್ನು ಕೊಯ್ದು ಮಡಿಕೆ ಬಿಡಿಸಿದಾಗ ಒಳಗೆ ಗಟ್ಟಿಯಾಗಿ ಕೂತಿದ್ದ ಮಣ್ಣು, ನವೆಂಬರಿನ ಬಿಸಿಲಿನಲ್ಲಿಯೂ ಒದ್ದೆ. ನಾನು ಜೊತೆಯಲ್ಲಿ ಪ್ರನಾಳಗಳನ್ನು ಒಯ್ದಿದ್ದೆ. ಮೊದಲನೆಯದು ಹಾಲಿನಂತಾಯಿತು, ಎರಡನೆಯದು ಮಸುಕಾಯಿತು. ಮೂರನೆಯ ತೊಳೆತಕ್ಕೆ ನೀರು ತಿಳಿಯಾಯಿತು. “ಇನ್ನೊಂದ್ ಸಲ ತೊಳುವ, ಮಾಸ್ಟ್ರೇ” ಎಂದು ಆಚಾರ್ರು ಬಿಸಿನೀರಿನ ಚೊಂಬನ್ನು ಮುಂದೆ ಚಾಚಿದರು.